ಸೂಪಿನಲ್ಲಿ ಬಿದ್ದ ಎಲೆ

ಎಲೆ ನೇರವಾಗಿ ಬಂದು ಸೂಪಿನೊಳಗೆ ಬಿತ್ತು.

ಕೆಸುವಿನ ಸೊಪ್ಪಿನ ದಟ್ಟ ಹಸಿರು ಸೂಪು. ಅದರ ನಡುವೆ ಉಗುರಿನಷ್ಟು ಅಗಲದ ಹಳದಿ ಎಲೆ. ಲಿಯೊನೀ ಅದನ್ನು ಚಮಚದ ತುದಿಯಲ್ಲಿ ಎತ್ತಿ ಬಟ್ಟಲಿನ ಅಂಚಿಗೆ ಅಂಟಿಸಿದಳು. ಅಷ್ಟರಲ್ಲಿ ಇನ್ನೊಂದು ಎಲೆ ಬ್ರೆಡ್ಡಿನ ಮೇಲೆ ಬಿತ್ತು.

“ಅರೇಲಿಯಾ, ಇದು ಯಾವ ತಿಂಗಳೇ?”

“ಅಕ್ಟೋಬರ್. ಯಾಕೆ ನೆನೆನ್?”

“ಮಳೆಗಾಲದ ನಟ್ಟನಡುವೆ ಮಳೆಮರ ಎಲೆ ಉದುರಿಸುತ್ತಾ?”

ಅರೇಲಿಯಾ ತಲೆಯೆತ್ತಿ ನೋಡಿದಳು. ನೋಡಬಾರದಿತ್ತು ಅನ್ನಿಸಿತು. ಕೊಂಬೆಗಳ ತುದಿಯೆಲ್ಲ ಹಳದಿಯಾಗಿತ್ತು. ವಾರದಿಂದ ಕಣ್ಣಿಗೆ ಬೀಳುತ್ತಿದ್ದದ್ದೇ, ಬಿಸಿಲಿನ ಆಟ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಲಿಯೊನೀ ಅವಳ ಜ್ಞಾನಸ್ನಾನದ ತಾಯಿ, ಚರ್ಚಿನಲ್ಲಿ ಕೂಸಿಗೆ ಹೆಸರಿಡುವಾಗ ಎತ್ತಿಕೊಂಡವಳು. ಸೇಂಟ್ ಲೂಸಿಯಾ ದ್ವೀಪದಲ್ಲಿ ಅಂಥವಳನ್ನು ನೆನೆನ್ ಎನ್ನುತ್ತಾರೆ, ಹೆತ್ತವಳು ಸತ್ತ ಮೇಲೆ ಬೈಯುವ ಹಕ್ಕೆಲ್ಲ ಅವಳದೇ. ಈ ನೆನೆನ್ ಪೊಲೀಸ್ ಸಾರ್ಜೆಂಟ್ ಆಗಿ ನಿವೃತ್ತಳಾದವಳು. ವಯಸ್ಸು ಎಪ್ಪತ್ತು ದಾಟಿದೆ, ಮಂಡಿ ನೋವು, ನಾಲಗೆಗೆ ಮಾತ್ರ ಯಾವ ನೋವೂ ಇಲ್ಲ. ಭಾನುವಾರ ಪೂಜೆ ಮುಗಿಸಿ ಅರೇಲಿಯಾಳ ಊಟದ ಮನೆ ‘ಆನ್ವೋ’ದಲ್ಲಿ ಪುಕ್ಕಟೆ ಉಣ್ಣುವುದು ಅವಳ ಪದ್ಧತಿ.

ಆನ್ವೋ ಎಂದರೆ ಅಲ್ಲಿಯ ಮಾತಿನಲ್ಲಿ ‘ಮೇಲೆ’. ಸೂಫ್ರಿಯೇರ್ ಕೊಲ್ಲಿಯ ನೆತ್ತಿಯಲ್ಲಿ, ಎರಡು ಮಳೆಮರಗಳ ತೋಳಿನ ಮೇಲೆ ಹಾಸಿದ ಮರದ ಅಟ್ಟ. ಮೂರನೆಯದೊಂದು ಜೀಗುಜ್ಜೆ, ಎಂದರೆ ದೀವಿಹಲಸಿನ ಮರ, ಹತ್ತುವ ಮೆಟ್ಟಿಲು ಅದನ್ನೇ ಬಳಸಿಕೊಂಡು ಬರುತ್ತದೆ. ಅಡುಗೆಮನೆ ಕೆಳಗೆ. ಅಡುಗೆಯವಳು ವರ್ನೀಸ್ ಬುಟ್ಟಿಗೆ ತಟ್ಟೆ ಇಟ್ಟು ಗಂಟೆ ಬಾರಿಸಿದರೆ, ಮೇಲಿನವರು ಹಗ್ಗ ಎಳೆದುಕೊಳ್ಳಬೇಕು. ದೂರದ ದೇಶಗಳಿಂದ ಬಂದವರು ಬುಟ್ಟಿಯ ಫೋಟೋ ತೆಗೆಯುವುದರಲ್ಲಿ ಸಾರನ್ನು ಆರಲು ಬಿಡುತ್ತಾರೆ, ಆಮೇಲೆ ಆರಿದೆ ಎಂದು ದೂರುತ್ತಾರೆ.

“ಊಟ ಮುಗಿಸು ನೆನೆನ್, ಆಮೇಲೆ ನೋಡೋಣ.”

“ಊಟ ಮುಗಿಸದೆ ಎದ್ದದ್ದು ನಾನು ಯಾವತ್ತಾದ್ರೂ ಉಂಟಾ? ಆದ್ರೆ ಇವತ್ತು ಏಳ್ತೀನಿ. ನನ್ನ ಕೋಲು ಕೊಡು.”

ಕೆಳಗಿಳಿದು ಅವಳು ದೊಡ್ಡ ಮಳೆಮರದ ಬುಡಕ್ಕೆ ಅಂಟಿದ್ದ ಜರೀಗಿಡಗಳನ್ನು ಕೋಲಿನಿಂದ ಸರಿಸಿದಳು. ತೊಗಟೆಯ ಮೇಲೆ ಒಂದು ಕಡೆ ಮಣ್ಣಿನ ಬಣ್ಣ ಬೇರೆಯಿತ್ತು. ಚಾಕುವಿನ ತುದಿಯಿಂದ ಕೆದಕಿದಳು. ಜೇಡಿಮಣ್ಣಿನ ಬಿರಡೆ ಕಳಚಿ ಬಿತ್ತು. ಒಳಗೆ ಹೆಬ್ಬೆರಳು ಹಿಡಿಯುವಷ್ಟು ತೂತು. ಮೂಗು ಹತ್ತಿರ ತಂದವಳು ಥಟ್ಟನೆ ಹಿಂದೆ ಸರಿದಳು.

“ಕಳೆನಾಶಕ.”

ಒಂದಲ್ಲ. ಬುಡದ ಸುತ್ತ ತೂತುಗಳು. ಎರಡನೆಯ ಮಳೆಮರಕ್ಕೂ ಹಾಗೆಯೇ. ಯಾರೋ ಕೊರೆದು, ವಿಷ ಹೊಯ್ದು, ಮಣ್ಣು ಮೆತ್ತಿ, ಮೇಲೆ ಜರೀಗಿಡ ನೆಟ್ಟು ಹೋಗಿದ್ದರು!

ಅರೇಲಿಯಾ ಅಲ್ಲೇ ಬೇರಿನ ಮೇಲೆ ಕೂತಳು. ಮರ ಒಣಗಿದರೆ ಅಟ್ಟ ನಿಲ್ಲದು. ಅಟ್ಟ ಹೋದರೆ ಆನ್ವೋ ಇಲ್ಲ. ಆನ್ವೋ ಇಲ್ಲದೆ ಅವಳಿಗೆ ಬೇರೆ ಬದುಕೇ ಇರಲಿಲ್ಲ.

“ಆ ಜೀಗುಜ್ಜೆಗೆ?” ನೆನೆನ್ ಕೇಳಿದಳು. ತಾನೇ ಹೋಗಿ ಸುತ್ತು ಬಂದಳು. ಬೊಡ್ಡೆಯನ್ನು ಅಂಗೈಯಿಂದ ತಡವಿ ನೋಡಿದಳು. “ಇದಕ್ಕೆ ಒಂದು ಗೀರೂ ಇಲ್ಲ.”

“ಒಂದಾದರೂ ಉಳೀತಲ್ಲ,” ಎಂದಳು ಅರೇಲಿಯಾ.

“ಹೂಂ. ಉಳೀತು.” ನೆನೆನ್‌ಳ ಹುಬ್ಬು ಗಂಟಿಕ್ಕಿತು. “ಅದೇ ನನಗೆ ಇಷ್ಟ ಆಗ್ತಿಲ್ಲ.”

*

ಮೇಲಿನ ಅತಿಥಿಗಳಿಗೆ ಮೀನು ಬಡಿಸುತ್ತಿದ್ದಂತೆ ಕೆಳಗೆ ಅಡುಗೆಮನೆಯ ಜಗಲಿಯಲ್ಲಿ ಪಂಚಾಯಿತಿ ಸೇರಿತು. ಠಾಣೆಯಿಂದ ಕಾರ್ಪೊರಲ್ ಸಿಲ್ವೇನಸ್ ಬಂದ. ಹಿಂದೆ ನೆನೆನ್‌ಳ ಕೈಕೆಳಗೆ ದುಡಿದವನು, ಈಗಲೂ ಅವಳನ್ನು ಕಂಡರೆ ಟೋಪಿ ಸರಿಮಾಡಿಕೊಳ್ಳುತ್ತಾನೆ.

ಮ್ಯಾನೇಜರ್ ಕಾಸಿಮೀರ್ ಅವನಿಗಿಂತ ಮೊದಲೇ ಕೆಲಸ ಶುರುಮಾಡಿದ್ದ. ರಾಜಧಾನಿ ಕಾಸ್ತ್ರೀಸ್‌ನವನು, ಬೆವರಿದರೂ ಇಸ್ತ್ರಿ ಮುರಿಯದ ಅಂಗಿಯವನು. ಅಡುಗೆಮನೆಯ ಇದ್ದಿಲು ಮೂಟೆಗಳ ಹಿಂದಿನಿಂದ ಒಂದು ಬೈರಿಗೆಯನ್ನೂ ಖಾಲಿ ಕಳೆನಾಶಕದ ಡಬ್ಬಿಯನ್ನೂ ಎತ್ತಿ ತಂದು ಕಲ್ಲಿನ ಮೇಲೆ ಇಟ್ಟ.

“ವರ್ನೀಸ್‌ಳ ಅಡುಗೆಮನೆ,” ಎಂದ. “ನಾನೇನೂ ಹೇಳಲ್ಲ. ನೋಡಿದವರೇ ಹೇಳಲಿ.”

“ಹೇಳಲ್ಲ ಅಂತ ಹೇಳ್ತಾನೇ ಎಲ್ಲಾ ಹೇಳಿಬಿಟ್ಟೆಯಲ್ಲಪ್ಪ,” ಎಂದಳು ನೆನೆನ್.

ವರ್ನೀಸ್ ಬಾಗಿಲಲ್ಲಿ ನಿಂತಿದ್ದಳು. ಎತ್ತರದ ಹೆಂಗಸು, ಸೊಂಟಕ್ಕೆ ಹಿಟ್ಟಿನ ಕೈ. ಹನ್ನೆರಡರ ವಯಸ್ಸಿನಲ್ಲಿ ತಾಯಿ ಸತ್ತು ಈ ಅಂಗಳಕ್ಕೆ ಬಂದವಳು. ಅರೇಲಿಯಾಳ ಜೊತೆ ಒಂದೇ ಮಂಚದಲ್ಲಿ ಮಲಗಿ ಬೆಳೆದವಳು. ಆನ್ವೋಗೆ ಹೆಸರು ತಂದದ್ದು ಅವಳ ಕೈರುಚಿ. ಆದರೆ ಈಚೆಗೆ ಕಾಸಿಮೀರ್ ಬಂದು, ಅವಳ ಸಾರು ಸಪ್ಪೆ, ತಟ್ಟೆಯಲ್ಲಿ ನೊರೆ ಬರಬೇಕು, ಹೂವಿನೆಸಳು ಬರಬೇಕು ಎಂದ. ಅರೇಲಿಯಾ ಅವನ ಮಾತನ್ನೇ ಎತ್ತಿ ಹಿಡಿದಳು. ಅವತ್ತು ವರ್ನೀಸ್ ಸೌಟು ಎಸೆದು ಕೂಗಿದ್ದು ಇಡೀ ಅಂಗಳಕ್ಕೆ ಕೇಳಿತ್ತು.

ಸಿಲ್ವೇನಸ್ ಕೆಮ್ಮಿದ. “ವರ್ನೀಸಕ್ಕಾ, ಏನೋ ಕೂಗಿದ್ರಂತೆ?”

“ಈ ಮರಾನೇ ಒಣಗಿ ಹೋಗ್ಲಿ ಅಂದೆ. ಅಂದದ್ದು ನಿಜ. ನೀನು ನಿನ್ನ ಹೆಂಡ್ತಿಗೆ ಹಾಳಾಗಿ ಹೋಗು ಅಂದಿಲ್ವಾ? ಹೋದಳಾ?”

“ಕೆಲಸ ಯಾವತ್ತು ನಡೀತು ಅಂತ ಗೊತ್ತಾಗ್ಬೇಕಲ್ಲ, ಸಾರ್ಜೆಂಟಮ್ಮಾ.”

“ವಿಷ ಮೇಲೇರಿ ಎಲೆ ಹಳದಿ ಆಗ್ಬೇಕಾದ್ರೆ ವಾರಗಳು ಬೇಕು,” ಎಂದಳು ನೆನೆನ್. “ಇಷ್ಟು ತೂತು ಕೊರೆಯೋಕೆ ಅಂಗಳ ಖಾಲಿ ಇರೋ ಒಂದು ಹಗಲು ಬೇಕು. ಇಲ್ಲಿ ಜನ ಇಲ್ಲದ ಹಗಲು ಯಾವುದು?”

ಎಲ್ಲರಿಗೂ ಒಮ್ಮೆಗೇ ಹೊಳೆಯಿತು. ಆಗಸ್ಟಿನ ಕೊನೆ, ಲಾ ರೋಸ್ ಹಬ್ಬ. ಅಂದು ಆನ್ವೋಗೆ ಬೀಗ. ಊರಿಗೆ ಊರೇ ರಾಜ, ರಾಣಿ, ಪೊಲೀಸು, ದಾದಿಯರ ವೇಷ ಹಾಕಿಕೊಂಡು ಮೆರವಣಿಗೆ ಹೋಗಿ ರಾತ್ರಿಯವರೆಗೂ ಹಾಡಿತ್ತು.

“ಅವತ್ತು ಮನೆಯಲ್ಲಿ ಉಳಿದೋರು ಯಾರು?” ಸಿಲ್ವೇನಸ್ ಕೇಳಿದ.

“ನಾನು,” ಎಂದಳು ವರ್ನೀಸ್. “ಕಾಲು ಉಳುಕಿತ್ತು. ಮಲಗಿದ್ದೆ.”

“ಯಾರಾದ್ರೂ ನೋಡಿದ್ರಾ?”

“ಮಲಗೋದನ್ನ ನೋಡೋಕೆ ಟಿಕೆಟ್ ಇಡ್ಬೇಕಿತ್ತಾ?”

“ಸಾಕು,” ಎಂದ ಕಾಸಿಮೀರ್. “ಉಂಡ ಮನೆಗೆ ಎರಡು ಬಗೆದಳು.”

“ನೀನೆಲ್ಲಿದ್ದೆ ಅವತ್ತು?” ನೆನೆನ್ ಅವನ ಕಡೆ ತಿರುಗಿದಳು.

“ಕಾಸ್ತ್ರೀಸ್. ನಮ್ಮಮ್ಮನ ಮನೆ.”

“ಬೆಟ್ಟದ ಆಚೆ ಹೊಸ ಹೋಟೆಲಿನೋರು ನಿನ್ನ ಕರೀತಿದ್ದಾರಂತೆ?”

ಇಸ್ತ್ರಿ ಮುರಿಯದ ಅಂಗಿ ಮೊದಲ ಸಲ ಸ್ವಲ್ಪ ಮುದುಡಿತು. “ಕರೀತಾರೆ. ಒಳ್ಳೇ ಕೆಲಸಗಾರನನ್ನ ಯಾರಾದ್ರೂ ಕರೀತಾರೆ. ಹೋಗಿಲ್ಲವಲ್ಲ?”

ಅರೇಲಿಯಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬೆಳಿಗ್ಗೆ ಇವರೆಲ್ಲ ತನ್ನವರು. ಈಗ ಯಾರು ಕೆಮ್ಮಿದರೂ ಅನುಮಾನ, ಸುಮ್ಮನಿದ್ದರೆ ಇನ್ನೂ ಅನುಮಾನ.

ಹೆಗಲ ಮೇಲೆ ಕೈ ಬಿತ್ತು. ಅವಳ ಅಣ್ಣ ಥಿಯೊಫಿಲ್. ಮೂವತ್ತು ವರ್ಷ ಇಂಗ್ಲೆಂಡಿನಲ್ಲಿ ಬಸ್ಸು ಓಡಿಸಿ ಈ ಬೇಸಿಗೆಯಲ್ಲಿ ಊರಿಗೆ ಮರಳಿದವನು. ನೀರಿನ ಲೋಟ ಕೊಟ್ಟ.

“ಕುಡಿ. ಎದೆ ಹೇಗಿದೆ? ತಲೆಸುತ್ತು ಗಿತ್ತು?”

“ಏನೂ ಇಲ್ಲ ಅಣ್ಣ.”

“ನಿದ್ದೆ ಬರ್ತಿದೆಯಾ ಸರಿಯಾಗಿ? ನಿಜ ಹೇಳು.”

ಹೋದ ತಿಂಗಳಿನಿಂದ ದಿನಾ ಇದೇ ಅವನ ಪ್ರಶ್ನೆ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು, ಆಮೇಲೆ ಹಿತವಾಗತೊಡಗಿತ್ತು. ಅಣ್ಣ ತಂಗಿಯರಿಗೆ ಜಗಳವಿದ್ದದ್ದು ಒಂದೇ ವಿಷಯಕ್ಕೆ. ಈ ಅಂಗಳ ವಂಶದ ಭೂಮಿ. ಇಬ್ಬರ ಒಪ್ಪಿಗೆಯೂ ಇಲ್ಲದೆ ಒಂದು ಹಿಡಿ ಮಣ್ಣನ್ನೂ ಮಾರುವಂತಿಲ್ಲ. ಹೊಸ ಹೋಟೆಲಿನವರು ಕೊಳ್ಳುತ್ತೇವೆಂದಾಗ ಅಣ್ಣ ಮಾರೋಣವೆಂದ, ಅವಳು ಆನ್ವೋ ಇರುವ ತನಕ ಇಲ್ಲವೆಂದಳು. ಅವನು ಮತ್ತೆ ಆ ಮಾತು ಎತ್ತಿರಲಿಲ್ಲ.

“ವರ್ನೀಸ್‌ಳನ್ನ ಪೊಲೀಸಿಗೆ ಒಪ್ಪಿಸಿಬಿಡು,” ಅವನು ತಗ್ಗಿದ ದನಿಯಲ್ಲಿ ಹೇಳಿದ. “ಕಷ್ಟ ಆಗುತ್ತೆ, ಗೊತ್ತು. ಆದ್ರೆ ನೀನು ದಿನಾ ಅತಿಥಿಗಳ ಮುಂದೆ ಹೇಳ್ತೀಯಲ್ಲ, ನನ್ನ ಹೊಕ್ಕುಳಬಳ್ಳಿ ಈ ದೊಡ್ಡ ಮಳೆಮರದ ಕೆಳಗೆ ಹೂತಿದೆ ಅಂತ? ಅದನ್ನ ಕೇಳಿ ಕೇಳಿಯೂ ಆ ಮರಕ್ಕೇ ವಿಷ ಹಾಕಿದ್ದಾಳೆ ಅಂದ್ರೆ ಏನರ್ಥ? ನಿನ್ನ ಸಾವೇ ಬೇಕಿತ್ತು ಅವಳಿಗೆ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಅವಳಿಗಿದೆ.”

ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಮರದ ಬುಡದಲ್ಲಿ ಹೂಳುವುದು ಅಲ್ಲಿಯವರ ರೂಢಿ. ಆ ಮರಕ್ಕೆ ಏಟು ಬಿದ್ದರೆ ಆ ಜೀವಕ್ಕೆ ಕೇಡು. ಅದಕ್ಕೇ ತಾಯಂದಿರು ಜಾಗ ಹೇಳುವುದಿಲ್ಲ. ಅವಳ ತಾಯಿಯೂ “ಅಂಗಳದಲ್ಲೇ ಇದೆ, ಸುಮ್ಮನಿರು” ಎಂದಷ್ಟೇ ಹೇಳಿ ಕಣ್ಣು ಮುಚ್ಚಿದ್ದಳು. ದೊಡ್ಡ ಮಳೆಮರವೇ ಇರಬೇಕೆಂದು ಅರೇಲಿಯಾ ತಾನೇ ಊಹಿಸಿ, ಊಹೆಯನ್ನೇ ಕಥೆ ಮಾಡಿ, ಪ್ರತಿ ಮೇಜಿಗೂ ಹೇಳುತ್ತ ಬಂದಿದ್ದಳು. ಸೂಪಿನ ಜೊತೆ ಆ ಕಥೆಯೂ ಖರ್ಚಾಗುತ್ತಿತ್ತು.

ಅವಳು ವರ್ನೀಸ್‌ಳ ಕಡೆ ತಿರುಗಿದಳು. “ನೀನೇನಾ?”

ವರ್ನೀಸ್ ಬರೀ ನೋಡಿದಳು. ನಲವತ್ತು ವರ್ಷದ ಪರಿಚಯದ ಮುಖ, ಆ ನೋಟ ಮಾತ್ರ ಹೊಸದು.

“ಕರ್ಕೊಂಡು ಹೋಗು ಸಿಲ್ವೇನಸ್,” ಎಂದಳು ಅರೇಲಿಯಾ. ಅಂದ ಮೇಲೆ ಬಾಯೆಲ್ಲ ಕಹಿಯಾಯಿತು.

*

“ನಿಲ್ಲೋ,” ಎಂದಳು ನೆನೆನ್. “ಮೂರನೇ ಮರ ಇನ್ನೂ ಬಾಕಿ ಇದೆ.”

“ಅದಕ್ಕೆ ತೂತೇ ಇಲ್ಲವಲ್ಲ ಸಾರ್ಜೆಂಟಮ್ಮಾ?”

“ಕಣ್ಣಿಗೆ ಕಾಣಲ್ಲ. ಒಳಗೆ ಬೇರಿನಿಂದ ಹತ್ತಿದೆಯೋ ಏನೋ. ಮೆಟ್ಟಿಲು ಅದರ ಮೇಲಿದೆ, ಮೇಲೆ ಜನ ಇದ್ದಾರೆ. ಬೈರಿಗೆ ಹಾಕಿ ನೋಡೋಣ. ಒಳಗಿನ ಮರ ಕಪ್ಪಾಗಿದ್ರೆ ಇವತ್ತೇ ಬಾಗಿಲು ಮುಚ್ಚಬೇಕು.”

ಎಲ್ಲರೂ ಜೀಗುಜ್ಜೆಯ ಬುಡಕ್ಕೆ ಬಂದರು. ನೆನೆನ್ ಬೈರಿಗೆಯನ್ನು ಕಾಸಿಮೀರ್‌ನ ಕೈಗಿತ್ತಳು.

“ಮಾಡ್ತೀಯಾ?”

“ಕೊಡಿ. ಎಲ್ಲಿ ಕೊರೀಲಿ?” ಅವನು ತೋಳು ಮಡಿಸತೊಡಗಿದ.

“ಇರು. ನಿನ್ನ ಅಂಗಿಗೆ ಜೀಗುಜ್ಜೆಯ ಹಾಲು ಹಾರಿದ್ರೆ ಹೋಗಲ್ಲ.” ಕಿತ್ತುಕೊಂಡು ವರ್ನೀಸ್‌ಳಿಗೆ ಚಾಚಿದಳು. “ನೀನು?”

“ಹೇಗೂ ನಾನೇ ಮಾಡಿದ್ದಂತಲ್ಲ. ಇದೊಂದು ಯಾಕೆ ಉಳೀಬೇಕು?” ಎನ್ನುತ್ತ ವರ್ನೀಸ್ ಬೈರಿಗೆಯ ಮೊನೆಯನ್ನು ತೊಗಟೆಗೆ ಒತ್ತಿ ಹಿಡಿದಳು. ಬಲಗೈ ತಿರುಗಿಸಲು ಎತ್ತಿದಳು.

“ಬೇಡ!”

ಥಿಯೊಫಿಲ್ ಮುನ್ನುಗ್ಗಿ ಅವಳ ಮುಂಗೈ ಹಿಡಿದಿದ್ದ. ಅವನ ಕಣ್ಣಿದ್ದದ್ದು ವರ್ನೀಸ್‌ಳ ಮೇಲಲ್ಲ, ಬೈರಿಗೆಯ ಮೇಲೂ ಅಲ್ಲ— ತಂಗಿಯ ಮೇಲೆ.

ಮೇಲೆ ಯಾರೋ ಅತಿಥಿ ನಕ್ಕದ್ದು ಕೇಳಿಸಿತು.

“ಯಾಕಪ್ಪಾ ಬೇಡ?” ನೆನೆನ್ ಮೆಲ್ಲಗೆ ಕೇಳಿದಳು.

“ಅಲ್ಲ— ಒಳ್ಳೇ ಮರ. ಕಾಯಿ ಬಿಡೋ ಮರ. ಸುಮ್ಮನೆ ಯಾಕೆ—”

“ಆ ಮಳೆಮರಗಳನ್ನ ನೋಡಿ ಇಷ್ಟು ಸಂಕಟ ಆಗಲಿಲ್ಲ ನಿನಗೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.”

“ನೆನೆನ್, ಏನು ಹೇಳ್ತಿದ್ದೀಯ ನೀನು?” ಅರೇಲಿಯಾ ಕೇಳಿದಳು.

ನೆನೆನ್ ಕೋಲೂರಿ ಮೆಟ್ಟಿಲಿನ ಮೇಲೆ ಕೂತಳು.

“ಎಲ್ಲರೂ ವಿಷ ಬಿದ್ದ ಮರಗಳನ್ನೇ ನೋಡಿದ್ರಿ. ನಾನು ಬೀಳದ ಮರ ನೋಡಿದೆ. ಆನ್ವೋ ಹಾಳಾಗ್ಬೇಕು ಅನ್ನೋನು ಮೊದಲು ಕೊರೀಬೇಕಾದ್ದು ಯಾವುದನ್ನ? ಇದನ್ನ. ಮೆಟ್ಟಿಲಿನ ಮರ. ಮೆತ್ತಗಿನ ಮರ, ಬೈರಿಗೆ ಬೆಣ್ಣೆಗೆ ಹೋದ ಹಾಗೆ ಹೋಗುತ್ತೆ. ಅಡುಗೆಮನೆ ಗೋಡೆಯ ಮರೆ ಬೇರೆ. ಅದನ್ನ ಬಿಟ್ಟು ಕಬ್ಬಿಣದಂಥ ಮಳೆಮರದ ಜೊತೆ ಯಾಕೆ ಗುದ್ದಾಡಿದ?”

“ಹೊತ್ತು ಸಾಲದೆ ಬಿಟ್ಟಿರ್ಬಹುದು,” ಎಂದ ಸಿಲ್ವೇನಸ್.

“ಒಂದೊಂದು ತೂತಿಗೂ ಬಿರಡೆ ಮೆತ್ತಿ, ಮೇಲೆ ಜರೀಗಿಡ ನೆಟ್ಟು ನೀರು ಹಾಕೋಕೆ ಹೊತ್ತಿತ್ತು. ಇದಕ್ಕೆ ಇರಲಿಲ್ವಾ? ತಲೆ ಮೇಲೆ ಟೋಪಿ ಅಷ್ಟೇನಾ, ಒಳಗೇನೂ ಇಲ್ವೇನೋ?” ನೆನೆನ್ ಉಸಿರು ತೆಗೆದುಕೊಂಡಳು. “ಹೊರಗಿನವನಾಗಿದ್ರೆ ಮೂರನ್ನೂ ಕೊರೀತಿದ್ದ. ಕಾಸಿಮೀರ್‌ಗೆ ಈ ಮರ ಅಂದ್ರೆ ಬರೀ ಮರ, ನೋಡಿದ್ರಲ್ಲ, ತೋಳು ಮಡಿಸಿದ. ವರ್ನೀಸ್‌ಗೆ ಈ ರೂಢಿಯ ಭಯ ಇದೆ, ನಿಜ. ಆದ್ರೆ ಅವಳಿಗೆ ಗೊತ್ತಿರೋದು ಅರೇಲಿಯಾ ಹೇಳೋ ಕಥೆ. ಅರೇಲಿಯಾ ಸಾಯಬಾರದು ಅಂತಿದ್ರೆ ದೊಡ್ಡ ಮಳೆಮರ ಬಿಡ್ತಿದ್ಲು, ಸಾಯಲಿ ಅಂತಿದ್ರೆ ಯಾವ ಮರಾನೂ ಬಿಡ್ತಿರಲಿಲ್ಲ. ಜೀಗುಜ್ಜೆಯನ್ನ ಉಳಿಸೋಕೆ ಅವಳಿಗೆ ಕಾರಣವೇ ಇಲ್ಲ. ಈಗ ಕೊರೆಯೋಕೂ ಹಿಂದೆಮುಂದೆ ನೋಡಲಿಲ್ಲ.”

“ಹಾಗಾದ್ರೆ ಕಾರಣ ಇದ್ದೋರು?”

“ಅರೇಲಿಯಾ ಹೇಳೋ ಕಥೆ ಸುಳ್ಳು ಅಂತ ಗೊತ್ತಿದ್ದೋರು.” ನೆನೆನ್ ಅರೇಲಿಯಾಳ ಕೈ ಹಿಡಿದಳು. “ನಿನ್ನ ಹೊಕ್ಕುಳಬಳ್ಳಿ ಮಳೆಮರದ ಕೆಳಗಿಲ್ಲ ಮಗಳೇ. ಇಲ್ಲಿದೆ, ಈ ಜೀಗುಜ್ಜೆಯ ಬುಡದಲ್ಲಿ. ಅವತ್ತು ಜಡಿಮಳೆ. ಬಾಣಂತಿ ನಿಮ್ಮಮ್ಮ ಬಾಗಿಲಲ್ಲಿ ನಿಂತಿದ್ಲು. ಕೊಡೆ ಹಿಡಿದವಳು ನಾನು. ಗುಂಡಿ ತೋಡಿ ಸಸಿ ನೆಟ್ಟವನು ಹತ್ತು ವರ್ಷದ ಹುಡುಗ. ಯಾರಿಗೂ ಹೇಳಲ್ಲ ಅಂತ ಅವನ ಕೈಲಿ ನಿಮ್ಮಮ್ಮ ಆಣೆ ಹಾಕಿಸಿಕೊಂಡಳು. ಅವಳು ಹೋದಳು. ಉಳಿದೋರು ನಾನು, ಅವನು. ಬೈರಿಗೆ ತಿರುಗಿಸೋ ಶಕ್ತಿ ನನ್ನ ತೋಳಿಗಿಲ್ಲ. ಅಲ್ವೇನೋ ಥಿಯೊಫಿಲ್?”

ಥಿಯೊಫಿಲ್ ವರ್ನೀಸ್‌ಳ ಮುಂಗೈಯನ್ನು ಬಿಟ್ಟ. ಬೆವರು ಒರೆಸಿಕೊಳ್ಳಲೂ ಮರೆತಿದ್ದ.

“ಅಂಥಾದ್ದರಲ್ಲಿ ನನಗೆ ನಂಬಿಕೆ ಇಲ್ಲ,” ಎಂದ.

“ಇಲ್ಲ. ಅದಕ್ಕೇ ದಿನಾ ತಂಗಿಯ ತಲೆಸುತ್ತು ವಿಚಾರಿಸ್ತಿದ್ದೆ. ವಿಷ ಬೇರಿನಿಂದ ಬೇರಿಗೆ ಹೋಗಿಬಿಟ್ರೆ ಅಂತ ಹೆದರಿ ಹೆದರಿ ಕೇಳ್ತಿದ್ದೆ.”

“ಅಣ್ಣ?” ಎಂದಳು ಅರೇಲಿಯಾ.

ಅವನು ತಲೆ ಎತ್ತಲಿಲ್ಲ. “ಮರ ಒಣಗಿದ್ರೆ ನೀನು ಮಾರೋಕೆ ಒಪ್ತೀಯ ಅಂದ್ಕೊಂಡೆ. ಅಷ್ಟೇ ಕಣೇ. ಅಲ್ಲಿ ಮೂವತ್ತು ವರ್ಷ ಚಳಿ ತಿಂದು ಬಂದೆ, ಇಲ್ಲಿ ನೋಡಿದ್ರೆ ನನ್ನ ಅರ್ಧ ಭೂಮಿ ನಿನ್ನ ಅಟ್ಟದ ಕೆಳಗೆ ಸಿಕ್ಕಿಕೊಂಡಿದೆ. ಮೆರವಣಿಗೆಯಿಂದ ನಡುವೆ ಬಂದು ಕೊರೆದೆ. ಆದ್ರೆ ನಿನಗೇನೂ ಆಗಬಾರ್ದು ಅಂತ— ನಿನ್ನ ಮರ ನಾನು ಮುಟ್ಟಲಿಲ್ಲ, ನೋಡು.”

“ಬೈರಿಗೆ ವರ್ನೀಸ್‌ಳ ಮೂಟೆ ಹಿಂದೆ ಇಟ್ಟೋರು?” ನೆನೆನ್ ಕೇಳಿದಳು.

ಅವನು ವರ್ನೀಸ್ ನಿಂತ ಕಡೆಗೆ ಬೆನ್ನು ಮಾಡಿದ.

ಅರೇಲಿಯಾಗೆ ಅಳು ಬರಲಿಲ್ಲ, ಸಿಟ್ಟು ಬಂತು. ತನ್ನ ಜೀವ ಇಷ್ಟು ಜೋಪಾನ ಮಾಡಿದವನು, ಆ ಜೀವ ಯಾವುದರಿಂದ ಬದುಕುತ್ತಿದೆಯೋ ಅದಕ್ಕೇ ವಿಷ ಹೊಯ್ದಿದ್ದ. ಇದನ್ನೂ ಪ್ರೀತಿ ಎಂದು ಲೆಕ್ಕಕ್ಕೆ ಹಿಡಿಯಬೇಕಂತೆ! “ಕರ್ಕೊಂಡು ಹೋಗು ಸಿಲ್ವೇನಸ್,” ಎಂದಳು ಎರಡನೇ ಸಲ.

ಸಿಲ್ವೇನಸ್ ಅವನನ್ನು ಕರೆದುಕೊಂಡು ಇಳಿಜಾರಿನಲ್ಲಿ ಹೋದ. ಕಾಸಿಮೀರ್ ಯಾರ ಕಣ್ಣಿಗೂ ಬೀಳದಂತೆ ಮೇಲೆ ಹತ್ತಿದ. ನಾಳೆ ಅರಣ್ಯ ಇಲಾಖೆಯವರನ್ನು ಕರೆಸುತ್ತೇನೆ, ಚಿಕ್ಕ ಮಳೆಮರವಾದರೂ ಉಳಿದೀತು ಎಂದು ನೆನೆನ್ ಹೇಳಿದ್ದು ಅರೇಲಿಯಾಗೆ ಅರ್ಧ ಕೇಳಿಸಿತು.

ಅವಳು ಅಡುಗೆಮನೆಗೆ ಹೋದಳು. ವರ್ನೀಸ್ ಆಗಲೇ ಒಲೆಯ ಮುಂದಿದ್ದಳು. ಮೀನು ತಿರುವುತ್ತಿದ್ದಳು. ಮೇಲೆ ಎರಡು ಮೇಜು ಇನ್ನೂ ಕಾಯುತ್ತಿದ್ದವು.

“ವರ್ನೀಸ್.”

ಅವಳು ಇನ್ನೊಂದು ಮೀನು ತಿರುವಿದಳು.

“ತಪ್ಪಾಯ್ತು ಕಣೇ.”

“ಕಳ್ಳ ನಿಮ್ಮಣ್ಣ,” ಎಂದಳು ವರ್ನೀಸ್, ಬೆನ್ನು ತಿರುಗಿಸಿಕೊಂಡೇ. “ಆದ್ರೂ ಬೈರಿಗೆ ಕೈಗೆತ್ತಿಕೊಂಡಾಗ ನಿನ್ನನ್ನ ನೆನೆದು ಒಂದು ಮರ ಬಿಟ್ಟ. ನೀನು ನನ್ನನ್ನ ನೆನೆದು ಒಂದು ಮಾತು ತಡೀಲಿಲ್ಲ.”

ಅರೇಲಿಯಾ ಬಾಗಿಲಲ್ಲೇ ನಿಂತಳು. ಮೇಲಿನಿಂದ ಯಾರೋ ಹಗ್ಗ ಜಗ್ಗಿದರು. ಖಾಲಿ ಬುಟ್ಟಿ ಗೋಡೆಗೆ ಬಡಿಯಿತು.

ವರ್ನೀಸ್ ಕೆಸುವಿನ ಗೆಡ್ಡೆಯ ಮೊರವನ್ನು ಕಾಲಿನಿಂದ ಅವಳತ್ತ ತಳ್ಳಿದಳು. ಮೇಲೆ ಒಂದು ಚಾಕು ಎಸೆದಳು.

“ಸಿಪ್ಪೆ ತೆಗಿ. ಮಾತಾಡಬೇಡ.”

ಅರೇಲಿಯಾ ನೆಲದ ಮೇಲೆ ಕೂತು ಸಿಪ್ಪೆ ತೆಗೆಯತೊಡಗಿದಳು. ಕೈ ತುರಿಸಿತು. ಅವಳು ನಿಲ್ಲಿಸಲಿಲ್ಲ.